ಒಂದು ಯೂರೋ ಜಾಸ್ತಿ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 5.40
ಇವತ್ತಿನ ಸ್ಪ್ಯಾನಿಶ್ ಹತ್ತು ಪದ ಆಯ್ತು. ಫಾಕ್ತೂರಾ — ಬಿಲ್ಲು. ಸಾಲ್ದೋ — ಶಿಲ್ಕು. ದೆಉದಾ — ಸಾಲ. ವೆನ್ಸಿದೋ — ವಾಯಿದೆ ಮೀರಿದ್ದು. ಈ ಕೊನೆಯದು ನಾಲಿಗೆಗೆ ಬರುತ್ತಲೇ ಇಲ್ಲ, ದರಿದ್ರದ್ದು. ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಕೆಳಗಿನ ಮನೆಯ ಶಾರದವ್ವ ಮೆಟ್ಟಿಲ ಬುಡದಿಂದ ಕೂಗಿದರು, “ಯಾರ್ ಬಂದಾರವ್ವಾ ಶಿಲ್ಪಾ? ಚಾ ಮಾಡ್ಲೇನು?”
ಯಾರೂ ಇಲ್ಲ ಅಂದೆ. ನನಗಿಂತ ಅವರಿಗೇ ನಿರಾಸೆ.

ಫೆಬ್ರವರಿ 9, ಭಾನುವಾರ
ಹಾಲಿನವನಿಗೆ “ಅರ್ಧ ಲೀಟರ್” ಅಂದೆ. ಇಡೀ ದಿನ ಮನುಷ್ಯರ ಜೊತೆ ಆಡಿದ್ದು ಅಷ್ಟೇ. ಎರಡು ಪದ. ಗೋಡೆಗೆ ಸ್ಪ್ಯಾನಿಶ್‌ನಲ್ಲಿ ನಲವತ್ತು.
ಚಂದ್ರಶೇಖರಪ್ಪನವರ ಅಡಿಕೆ ದಲಾಲಿ ಅಂಗಡಿ ಮಾರ್ಚ್ 31ಕ್ಕೆ ಮುಚ್ಚುತ್ತದೆ. ಹನ್ನೊಂದು ವರ್ಷ ಅಲ್ಲೇ ಲೆಕ್ಕ ಬರೆದೆ. ಆಮೇಲೆ? ಹುಬ್ಬಳ್ಳಿಯ ಒಂದು ಕಂಪನಿ ಸ್ಪೇನಿನ ಅಂಗಡಿಗಳ ಲೆಕ್ಕ ನೋಡುತ್ತದಂತೆ. ಮನೆಯಿಂದಲೇ ಕೆಲಸ. ಎರಡು ಪೋಸ್ಟ್ — ಒಂದು ಬಿಲ್ ಎಂಟ್ರಿ, ಇನ್ನೊಂದು ಅಲ್ಲಿನ ಗಿರಾಕಿಗಳಿಗೆ ಫೋನ್ ಮಾಡಿ ಬಾಕಿ ಕೇಳುವುದು. ನನಗೆ ಫೋನಿನದೇ ಬೇಕು. ಬೈಸಿಕೊಂಡರೂ ಅಡ್ಡಿಯಿಲ್ಲ, ದಿನಕ್ಕೆ ನಾಲ್ಕು ಜನ ನನ್ನ ಜೊತೆ ಮಾತಾಡಬೇಕು... ಬರೆದೇ ಬಿಟ್ಟೆ. ನಾಚಿಕೆ.

ಫೆಬ್ರವರಿ 21, ಶುಕ್ರವಾರ
ಚಂದ್ರಶೇಖರಪ್ಪನವರು ಕೇಳಿದರು, “ಸ್ಪೇನ್ ಎಲ್ಲೈತ್ರಿ ಶಿಲ್ಪಾ? ದುಬೈ ದಾಟಿ ಏನು?”
“ದಾಟಿ ಇನ್ನೂ ಮುಂದೆ, ಯಜಮಾನ್ರೆ.”
“ಅಲ್ಲೂ ಅಡಿಕಿ ತಿಂತಾರೇನ್ರಿ?”
ಕೆಮ್ಮು ಬರುವಷ್ಟು ನಕ್ಕೆ. ಏಪ್ರಿಲ್‌ನಿಂದ ಈ ಹರಟೆಯೂ ಇಲ್ಲ.

ಮಾರ್ಚ್ 6, ಗುರುವಾರ. ಸಂಜೆ
ಹುಬ್ಬಳ್ಳಿ ಕಂಪನಿಯ ಟೆಸ್ಟ್ ಮುಗಿಯಿತು. ಹಾಳಾಯಿತು.
ವಿಡಿಯೋದಲ್ಲಿ ಟೆಸ್ಟ್ ತಗೊಂಡವರು ಕಂಪನಿಯ ಮ್ಯಾಡ್ರಿಡ್ ಕಚೇರಿಯ ಪಿಲಾರ್ ಮೇಡಂ. ಹೊಸ ಗಿರಾಕಿಯ ಖಾತೆ ತೆರೆಯಿರಿ, ಆರಂಭದ ಶಿಲ್ಕು ಸೊನ್ನೆ ಅಂದರು. ನನ್ನ ಕೈ ತಾನಾಗಿ 1 ಒತ್ತಿತು! ಚಂದ್ರಶೇಖರಪ್ಪನವರ ಅಂಗಡಿಯಲ್ಲಿ ಹೊಸ ಖಾತೆ ಸೊನ್ನೆಯಿಂದ ಶುರುವಾಗುವುದಿಲ್ಲ. ಅಪಶಕುನ. ಅವರು ಕಿಸೆಯಿಂದ ಒಂದು ರೂಪಾಯಿ ತೆಗೆದು ಗಲ್ಲಾಪೆಟ್ಟಿಗೆಗೆ ಹಾಕುತ್ತಾರೆ, ನಾನು ಜಮಾ ಬರೆಯುತ್ತೇನೆ. ಹನ್ನೊಂದು ವರ್ಷದ ಚಟ. ಕೊನೆಗೆ ನೋಡಿದರೆ ಎಲ್ಲ ಮೊತ್ತದಲ್ಲೂ ಒಂದು ಯೂರೋ ಜಾಸ್ತಿ.
“ಪೋರ್ ಕೆ?” ಅಂದರು. ಯಾಕೆ?
ಶಕುನಕ್ಕೆ ಪದ ಗೊತ್ತಿಲ್ಲ. ಕಲಿತದ್ದೆಲ್ಲ ಬಿಲ್ಲು, ಬಾಕಿ, ಬಡ್ಡಿ. ಕೈಬಾಯಿ ಮಾಡಿ ಹರಕುಮುರುಕಾಗಿ ಹೇಳಿದೆ — ಮೊದಲ ದಿನ ಖಾತೆ ಒಂಟಿ... ಜೊತೆಗೆ ಒಂದು ಕೊಡುತ್ತೇವೆ. ಪಿಲಾರ್ ಮೇಡಂ ಗಟ್ಟಿಯಾಗಿ ನಕ್ಕರು. ಅವರ ಅಜ್ಜಿ ಖಾಲಿ ಪರ್ಸ್ ಯಾರಿಗೂ ಉಡುಗೊರೆ ಕೊಡುತ್ತಿರಲಿಲ್ಲವಂತೆ, ಒಂದು ನಾಣ್ಯ ಇಟ್ಟೇ ಕೊಡುತ್ತಿದ್ದರಂತೆ. ಅಯ್ಯೋ, ಅಲ್ಲೂ ಹಾಗೇ! ಇಪ್ಪತ್ತು ನಿಮಿಷ ಮಾತಾಡಿದೆವು. ಮನೆಯಲ್ಲಿ ಯಾರ್ಯಾರು ಅಂತ ಕೇಳಿದರು. ನಾನೊಬ್ಬಳೇ ಅಂದೆ. ಸ್ಪ್ಯಾನಿಶ್‌ನಲ್ಲಿ ಹೇಳಲು ಅಷ್ಟು ಕಷ್ಟ ಆಗಲಿಲ್ಲ.
ಕಾಲ್ ಮುಗಿದ ಮೇಲೆ ತುಂಬ ಹೊತ್ತು ಅತ್ತೆ.

ಮಾರ್ಚ್ 17, ಸೋಮವಾರ
ಕೆಲಸ ಸಿಕ್ಕಿತು. ಬಿಲ್ ಎಂಟ್ರಿ. ಮಾತು ಇನ್ನೂ ಪಳಗಿಲ್ಲ, ಫೋನಿನ ಕೆಲಸಕ್ಕೆ ಸಾಲದು ಅಂತ ಹುಬ್ಬಳ್ಳಿಯವರು ಬರೆದಿದ್ದಾರೆ. ಎಂಟ್ರಿಯಲ್ಲಿ ತಪ್ಪಿದವಳಿಗೆ ಎಂಟ್ರಿಯೇ! ಬುಧವಾರ ಐದರೊಳಗೆ ಒಪ್ಪಿಗೆ ಕಳಿಸಬೇಕು.
“ಕೆಲ್ಸ ಸಿಕ್ತಲ್ಲವ್ವಾ, ಮತ್ಯಾಕ ಮಾರಿ ಸಣ್ಣದು ಮಾಡ್ಕೊಂಡಿ?” ಶಾರದವ್ವ.
“ಬಾಯಿ ಮುಚ್ಕೊಂಡು ಮಾಡೋ ಕೆಲಸ, ಶಾರದವ್ವಾ.”
“ಪಗಾರ ಕೊಡ್ತಾರಿಲ್ಲೋ?”
ಕೊಡ್ತಾರೆ ಅಂದೆ. ಒಳಗೆ ಹೋದರು.

ಮಾರ್ಚ್ 19, ಬುಧವಾರ. ಸಂಜೆ 4.35
ಒಪ್ಪಿಗೆ ಟೈಪ್ ಮಾಡಿದೆ. ಅಳಿಸಿದೆ. ಮೂರು ಸಲ.
ಟೆಸ್ಟಿಗೆ ಮುಂಚೆ ಪಿಲಾರ್ ಮೇಡಂ ಕಳಿಸಿದ್ದ ಮೇಲ್‌ನ ಕೆಳಗೆ ಅವರ ನಂಬರ್ ಇದೆ. ಫೋನಿನ ಕೆಲಸ ಕೊಡಿ, ಇನ್ನೊಂದು ಟೆಸ್ಟ್ ತಗೊಳ್ಳಿ ಅಂತ ನೇರ ಕೇಳಿಬಿಟ್ಟರೆ? ಹುಬ್ಬಳ್ಳಿಯವರು ಸಿಟ್ಟಾಗಿ ಇದನ್ನೂ ಕಿತ್ತುಕೊಳ್ಳಬಹುದು. ಏಪ್ರಿಲ್‌ನಿಂದ ಬಾಡಿಗೆಗೂ ಗತಿಯಿಲ್ಲ. ಗೊತ್ತು. ಆದರೂ ಈ ರೂಮಿನಲ್ಲಿ ದಿನವಿಡೀ ತುಟಿ ಹೊಲಿದುಕೊಂಡು ಕೂತರೆ ಹುಚ್ಚೇ ಹಿಡಿಯುತ್ತದೆ.

4.41
ಫೋನ್ ಹಚ್ಚಿದೆ. ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟಿದ್ದೇನೆ. ಬರೆಯುತ್ತಿದ್ದರೆ ಸ್ವಲ್ಪ ಧೈರ್ಯ. ರಿಂಗ್ ಆಗುತ್ತಿದೆ. ನಾಲ್ಕು... ಐದು...
ಎತ್ತಿದರು. ನಾನಿನ್ನೂ ಬಾಯಿ ತೆರೆದಿಲ್ಲ. ಅವರೇ, “ಶಿಲ್ಪಾ?” ಅಂದರು — ನನ್ನ ನಂಬರ್ ಇಟ್ಟುಕೊಂಡಿದ್ದಾರೆ! ಪೆನ್ನು ಇಡುತ್ತೇನೆ, ಮಾತಾಡಬೇಕು.