ಐದನೆಯ ಮನೆ

ರಾಯಬಾಗ, ೧೯೮೬

ಮಂಗಲಾ,

ನೀನು ತೀರಿಕೊಂಡ ಮೇಲೂ ನಿನಗೇ ವರದಿ ಒಪ್ಪಿಸುವ ಚಟ ಬಿಟ್ಟಿಲ್ಲ.

ಹುಣ್ಣಿಮೆಯ ದಿನ ನೀನು ಕಟ್ಟಿದ ಸಂಘದ ನಾವೆಲ್ಲ ಎಲ್ಲಮ್ಮನ ಗುಡಿಯ ಮುಂದೆ ದೇವದಾಸಿ ಪದ್ಧತಿಯ ವಿರುದ್ಧ ಗಂಟಲು ಹರಿಯುವಂತೆ ಘೋಷಣೆ ಕೂಗುತ್ತಿದ್ದೆವು. ಅದೇ ಹೊತ್ತಿಗೆ ನಮ್ಮ ಓಣಿಯ ಲಕ್ಕವ್ವ ಮೊಮ್ಮಗಳಿಗೆ ಮನೆಯಲ್ಲೇ ಮುತ್ತು ಕಟ್ಟಿಸಿ, ದೇವಿಗೆ ಬಿಟ್ಟಾಗಿತ್ತು.

ಇಂದು ಆ ಹುಡುಗಿಯನ್ನು ಜೋಗ ಬೇಡಲು ಕರೆತಂದಳು. ಐದು ಮನೆಯ ಜೋಳ ಬುಟ್ಟಿಗೆ ಬಿದ್ದರೆ ಶಾಸ್ತ್ರ ಮುಗಿಯುತ್ತದೆ. ನಮ್ಮದು ಐದನೆಯದು.

"ಆಯಿ, ಇದು ಕಾಯ್ದೇಕ ವಿರುದ್ಧ ಐತಿ," ಎಂದೆ.

"ಇರ್ಲಿ ಬಿಡವಾ. ಕೂಸು ಮುಂಜಾನಿಂದ ಉಪವಾಸ ಐತಿ. ಜೋಗ ಮುಗಿಯೂತನಕ ಉಣ್ಣಂಗಿಲ್ಲ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. 'ಮಾನವ ಹಕ್ಕು ಎಲ್ಲರಿಗೂ ಒಂದೇ' ಎಂದು ನೀನು ಬರೆದ ಫಲಕ ಬಾಗಿಲ ಹಿಂದೆಯೇ ಇತ್ತು. ಅದನ್ನು ಸರಿಸಿ, ಜೋಳದ ಚೀಲಕ್ಕೆ ಕೈ ಹಾಕಿದೆ.