ಸಿಸ್ಟರವ್ವ ತವರಿಗೆ ಹೋದದ್ದು

ಬೀಳಗಿ
೧೮ ಮಾರ್ಚ್ ೨೦೨೫

ಸಿಟ್ಟಿನಲ್ಲಿರುವ ಹರ್ಷದಾಗೆ, ಅದಕ್ಕಿಂತ ಹೆಚ್ಚು ಸಿಟ್ಟಿನಲ್ಲಿರುವ ಮಧುಮತಿಯ ನಮಸ್ಕಾರ.

ಕೌಸ್ತುಭನ ಮದುವೆಗೆ ನಾನು ಬರಲಿಲ್ಲವೆಂದು ನೀನು ಮುನಿಸಿಕೊಂಡಿರುವುದು ನ್ಯಾಯವೇ. ಜಮಖಂಡಿಯ ಸಾಲೆಯಲ್ಲಿ ನಿನ್ನ ಜೊತೆ ಒಂದೇ ಬೆಂಚಿನ ಮೇಲೆ ಕೂತವಳು ನಾನು. ಮಿರಜಿಗೆ ಬಂದು ನಿನ್ನ ಬಾಣಂತನ ಮಾಡಿದವಳು, ಆ ಕೂಸಿಗೆ ಎಣ್ಣೆ ತಿಕ್ಕಿ ಎರೆದವಳು. ಅದೇ ಕೂಸಿನ ತಲೆಯ ಮೇಲೆ ಅಕ್ಷತೆ ಹಾಕಲು ಮಾತ್ರ ನಾನಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ದನಿ ಏರಿಸುತ್ತೇನೆ, ಕೊನೆಗೆ ಇಬ್ಬರೂ ಮೊಣಕಾಲು ನೋವಿನ ಮಾತಿಗೆ ಬಂದು ನಿಲ್ಲುತ್ತೇವೆ. ಕಾಗದವಾದರೆ ನೀನು ಪೂರ್ತಿ ಓದಲೇಬೇಕು.

ಎಲ್ಲದಕ್ಕೂ ಕಾರಣ ಸಿಸ್ಟರ್ ಪಿಲಾರ್. ನೀನು ನಮ್ಮ ಮನೆಯಲ್ಲಿ ಆಕೆಯನ್ನು ನೋಡಿದ್ದೀ. ಬಿಳಿ ಸೀರೆ, ಗಂಡಸರ ಚಪ್ಪಲಿ, ಊಟಕ್ಕೆ ಕೂತರೆ ಮೊದಲು ಹಸಿಮೆಣಸಿನಕಾಯಿ ಕೇಳುವ ಆ ಸ್ಪೇನ್ ದೇಶದ ಕ್ರೈಸ್ತ ಸಂನ್ಯಾಸಿನಿ. ನಾನು ಮದುವೆಯಾಗಿ ಬೀಳಗಿಗೆ ಬಂದ ಹೊಸದರಲ್ಲಿ ಆಕೆಯೂ ಬಂದಳು. ಹಿನ್ನೀರಿನ ದಂಡೆಯ ಆ ಹಳ್ಳಿಯಲ್ಲಿ ದವಾಖಾನೆ ತೆರೆದಳು. ಆಕೆಗೆ ಕನ್ನಡ ಕಲಿಸಿದವಳು ನಾನೇ. ನಾನು ‘ಅದ’ ಎಂದು ಕಲಿಸಿದರೆ, ಆಕೆ ಕುರಿ ಕಾಯುವ ಹೆಂಗಸರ ಹತ್ತಿರ ‘ಐತಿ’ ಎಂದು ಕಲಿತು ಬಂದು ನನ್ನನ್ನೇ ತಿದ್ದುತ್ತಿದ್ದಳು. ಅಂಥವಳನ್ನು ಎಷ್ಟೋ ವರ್ಷ ಸಹಿಸಿದ್ದೇನೆ. ಹೆರಿಗೆ ಮಾಡಿಸುತ್ತ, ಗಾಯ ಕಟ್ಟುತ್ತ, ಊರವರನ್ನೆಲ್ಲ ಬೈಯುತ್ತ ಆಕೆ ಮುದುಕಿಯಾದಳು. ಸುತ್ತಿನ ನಾಲ್ಕು ತಾಲೂಕಿನ ಜನ ಆಕೆಯನ್ನು ಸಿಸ್ಟರವ್ವ ಎನ್ನುತ್ತಾರೆ.

ಹೋದ ದೀಪಾವಳಿಯಲ್ಲಿ ನಮ್ಮ ಮನೆಗೆ ಫರಾಳಕ್ಕೆ ಬಂದವಳು ಚಕ್ಕುಲಿ ಮುರಿಯುತ್ತ, “ಫೆಬ್ರವರಿ ಮುಗದ ಮ್ಯಾಲ ನಾ ನಮ್ಮ ದೇಶಕ್ಕ ಹೊಂಟೇನ್ರಿ. ಕರಿ ಬಂದೈತಿ,” ಎಂದಳು. ಯಾರ ಕರೆ, ಏಕೆ, ಒಂದೂ ಹೇಳಲಿಲ್ಲ. ನನ್ನ ಯಜಮಾನರು, ನಮ್ಮ ವಿಶ್ವಾಸರಾಯರು, ಚಹಾದ ಕಪ್ಪನ್ನು ಕೆಳಗಿಟ್ಟು, “ಮ್ಯಾಲಿನವರು ವಾಪಸ್ ಕರಸ್ಕೊಂಡಾರ, ಅಷ್ಟಽ,” ಎಂದು ತೀರ್ಪು ಕೊಟ್ಟರು. ಆಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಎರಡನೆಯ ಚಕ್ಕುಲಿ ತೆಗೆದುಕೊಂಡಳು. ಆ ಚಕ್ಕುಲಿಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮುಂದಿನದನ್ನು ನೀನೇ ಊಹಿಸು. ಗೊಬ್ಬರದ ಅಂಗಡಿಯ ಶಿವಯೋಗೆಪ್ಪನವರು ಒಂದು ಸಮಿತಿ ಮಾಡಿದರು. ‘ಸಿಸ್ಟರವ್ವ ಇಲ್ಲೇ ಇರಲಿ’ ಎಂದು ಫಲಕ ಬರೆಸಿದರು. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಎಲ್ಲ ಕಡೆ ಜನರ ಸಹಿ ಆಯಿತು. ಬನಹಟ್ಟಿಯ ನೇಕಾರರ ಓಣಿಯಲ್ಲಿ, ಆಕೆಯ ಕೈಯಲ್ಲಿ ಹುಟ್ಟಿದವರೇ ತಮ್ಮ ಮಕ್ಕಳನ್ನು ಕರೆತಂದು ಸಹಿ ಹಾಕಿಸಿದರು. ಇಂಗ್ಲಿಷ್ ಬರುತ್ತದೆಂದು ಮುಂದಾಳತ್ವ ನನ್ನ ತಲೆಗೆ ಬಂತು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಸೊಂಟ ಹಿಡಿಸಿಕೊಂಡು, ಆಕೆಯ ಸಂಸ್ಥೆಯ ದೊಡ್ಡ ಮನೆಗೆ ಹೋಗಿ ಹಿರಿಯ ಸಿಸ್ಟರ ಮುಂದೆ ನಾನು ಭಾಷಣ ಮಾಡಿದೆ. ಮುದುಕಿಯನ್ನು ಬೇರು ಕಿತ್ತು ಎಸೆಯುತ್ತೀರಿ, ನಿಮಗೆ ಕರುಳಿಲ್ಲ ಎಂದೆ. ಅವರು, ಇದನ್ನು ನೀವು ಅವರನ್ನೇ ಕೇಳುವುದು ಒಳ್ಳೆಯದು ಎಂದು ಹೇಳಿ ಬಿಸ್ಕೀಟಿನ ತಟ್ಟೆ ಮುಂದಿಟ್ಟರು. ಎಂಥ ಜಾಣೆ, ಮಾತು ತಪ್ಪಿಸಿದಳು ಎಂದುಕೊಂಡು ವಾಪಸು ಬಂದೆ. ಬಂದು ಸಿಸ್ಟರ್‌ಗೆ ಎಲ್ಲ ಹೇಳಿದರೆ ಆಕೆ, “ಸೊಂಟಕ್ಕ ಬಿಸಿನೀರಿನ ಚೀಲಾ ಇಟ್ಕೋರಿ,” ಎಂದಳು. ಅಷ್ಟೇ!

ಇನ್ನೊಂದು ಕಡೆ ಅಮಸಿದ್ದಪ್ಪನ ಕಾಲು. ಅಮಸಿದ್ದಪ್ಪನೆಂದರೆ ಬೀರೇಶ್ವರನ ಭಕ್ತ, ಜೀವಮಾನವೆಲ್ಲ ಕುರಿಯ ಹಿಂದೆ ನಡೆದವನು, ಸಿಸ್ಟರ್‌ಗಿಂತ ಒಂದು ಕೈ ಮೇಲಿನ ಹಟಮಾರಿ. ಸಕ್ಕರೆ ಕಾಯಿಲೆಯಿಂದ ಅವನ ಪಾದದಲ್ಲಿ ಗಾಯವಾಗಿತ್ತು. ಮಳೆಗಾಲದಿಂದ ಸಿಸ್ಟರೇ ದಿನಾ ತೊಳೆದು ಕಟ್ಟುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಗಾಯ ಒಣಗುತ್ತ ಬಂದಿತ್ತು. ಆಮೇಲೆ ಏನಾಯಿತೋ, ವಾರ ವಾರಕ್ಕೂ ಕೆಟ್ಟಿತು. ಸಿಸ್ಟರ್ ಔಷಧಿ ಬದಲಿಸಿದಳು. ಊಟದಲ್ಲಿ ಬೆಲ್ಲ ಹಾಕುತ್ತೀ ಎಂದು ಅವನ ಹೆಂಡತಿ ಸಿದ್ದಕ್ಕನನ್ನು ಬೈದಳು. ತಾನು ಊರಲ್ಲಿಲ್ಲದ ದಿನ ನಾನು ಕಟ್ಟಿದ ಪಟ್ಟಿ ಸರಿಯಿಲ್ಲವೆಂದು ನನ್ನನ್ನೂ ಬೈದಳು. ನಾನು ಕನ್ನಡ ಕಲಿಸುವ ಟೀಚರ್ ಕಣೆ, ನರ್ಸಲ್ಲ!

ಈಗ ಮದುವೆಯ ದಿನಕ್ಕೆ ಬರುತ್ತೇನೆ. ಕೌಸ್ತುಭನ ಮದುವೆಗೆಂದೇ ತೆಗೆದ ಹೊಸ ಇಳಕಲ್ ಸೀರೆ ಉಟ್ಟು, ನಸುಕಿನಲ್ಲಿ ಕಾರು ಹತ್ತಿ ಕೂತಿದ್ದೆ. ಇವರು ಕಾರು ಚಾಲು ಮಾಡಿದ್ದರು. ಅಷ್ಟರಲ್ಲಿ ಗೇಟಿನಲ್ಲಿ ಸಿಸ್ಟರ್, ಅವಳ ಹಿಂದೆ ಅಳುತ್ತ ಸಿದ್ದಕ್ಕ. ಅಮಸಿದ್ದಪ್ಪನಿಗೆ ಮೈ ಸುಡುವ ಜ್ವರ, ಪಾದ ಕಪ್ಪಾಗಿದೆ, ಬೀರೇಶ್ವರನ ಗುಡಿಯ ಕಟ್ಟೆ ಹಿಡಿದು ಮಲಗಿಬಿಟ್ಟಿದ್ದಾನೆ, ಬಾಗಲಕೋಟೆಯ ಆಸ್ಪತ್ರೆಗೆ ಬರಲೊಲ್ಲ. ಸಿಸ್ಟರ್ ಕೇಳಲೂ ಇಲ್ಲ, ಹಿಂದಿನ ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ಕೂತಳು.

“ಸಿಸ್ಟರ್, ಇವತ್ತ ಮದುವಿ ಅದರಿ,” ಎಂದೆ.

“ಮದುವಿ ಮಧ್ಯಾಹ್ನ ಐತಿ. ಮೊದಲ ಗುಡಿಗೆ ನಡೀರಿ.”

ಇವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಕಾರು ಹಳ್ಳಿಯ ಕಡೆ ತಿರುಗಿಸಿದರು. ದಾರಿಯಲ್ಲಿ ಸಿದ್ದಕ್ಕ ಬಾಯಿ ಬಿಟ್ಟಳು. “ಆಂವ ದಿನಾ ಪಟ್ಟಿ ಬಿಚ್ಚತಿದ್ನರಿ. ಹಿನ್ನೀರಿನ ಕೆಸರಾಗ ಕಾಲ ಇಟ್ಕೊಂಡ ಕುಂದರತಿದ್ದ. ನಿನ್ನ ಕಾಲ ಮಾಯೂತನಾ ನಾ ಎಲ್ಲೂ ಹೋಗೂದಿಲ್ಲ ಅಂತ ಸಿಸ್ಟರವ್ವ ಮಾತ ಕೊಟ್ಟಾಳ, ಮಾಯ್ಲಿಲ್ಲಂದ್ರ ಹೆಂಗ ಹೋಗ್ತಾಳ ಅಂತಿದ್ದ. ಯಾರಿಗೂ ಹೇಳಬ್ಯಾಡಂತ ಆಣಿ ಹಾಕಿಸ್ಯಾನ್ರಿ.”

ಹರ್ಷೂ, ಮಳೆಗಾಲದಲ್ಲಿ ಆಕೆ ಅವನಿಗೆ ಆ ಮಾತು ಕೊಟ್ಟಿದ್ದು ನಿಜವಂತೆ. ಸಮಾಧಾನಕ್ಕೆ ಆಡಿದ ಮಾತು. ಆಕೆಯ ಮುಖ ಆ ದಿನ ಆದ ಹಾಗೆ ಹಿಂದೆಂದೂ ಆದದ್ದನ್ನು ನಾನು ಕಂಡಿಲ್ಲ.

ಗುಡಿಯ ಕಟ್ಟೆಯ ಮೇಲೆ ಅಮಸಿದ್ದಪ್ಪ ಕಂಬಳಿ ಹೊದ್ದು ಮಲಗಿದ್ದ. ಹತ್ತಿರ ಹೋದರೆ ವಾಸನೆ. ನಾವೆಲ್ಲ ಬೇಡಿಕೊಂಡೆವು. ಅವನು ಕಣ್ಣು ಮುಚ್ಚಿಕೊಂಡೇ, “ಸಿಸ್ಟರವ್ವನ್ನ ಕಳಸೂದಿಲ್ಲಂತ ಆಕಿ ಮ್ಯಾಲಿನವ್ರು ಹೇಳ್ಲಿ, ಬರ್ತೇನಿ,” ಎಂದ. ಆಗ ಸಿಸ್ಟರ್ ಅವನ ಕಾಲ ಹತ್ತಿರ ನೆಲದ ಮೇಲೆ ಕೂತಳು.

“ಅಮಸಿದ್ದ, ಇಲ್ಲಿ ಕೇಳು. ನನ್ನ ಯಾರೂ ಕಳಸಾಕತ್ತಿಲ್ಲ. ನಾನಽ ಕೇಳ್ಕೊಂಡ ಹೊಂಟೇನಿ.”

ಅವನು ಕಣ್ಣು ತೆರೆದ. “ಸುಳ್ಳ.”

“ಖರೆ. ಬೀರಪ್ಪನ ಮುಂದ ಕುಂತ ಹೇಳಾಕತ್ತೇನಿ.”

“ಯಾಕಬೇ? ನಾವೇನ ಕಮ್ಮಿ ಮಾಡಿದ್ವಿ?”

“ಕಮ್ಮಿ ಮಾಡಿಲ್ಲೋ. ನನಗೊಬ್ಬಾಕಿ ತಂಗಿ ಅದಾಳ. ಆಕಿ ಕಣ್ಣ ಹೋಗ್ಯಾವ. ಮನ್ಯಾಗ ಒಬ್ಬಾಕಿನಽ. ಅವ್ವ ಸತ್ತಾಗ ನಾ ಹೋಗ್ಲಿಲ್ಲ, ಅಪ್ಪ ಸತ್ತಾಗ ಹೋಗ್ಲಿಲ್ಲ. ಎಲ್ಲಾ ಆಕಿನಽ ಮಾಡ್ಯಾಳ. ಈಗ ಬಾ ಅಂತ ಕರದಾಳ.”

ಅಮಸಿದ್ದಪ್ಪ ಕಂಬಳಿ ಸರಿಸಿ ತನ್ನ ಪಾದ ನೋಡಿಕೊಂಡ. “ಹಂಗಾರ ನಾ ಕಾಲ ಕೆಡಿಸಿಕೊಂಡಿದ್ದು ಸುಮ್ನಽ ಆತಲ್ಲಬೇ,” ಎಂದ.

ಆಕೆ ಹೂಂ ಎಂದಳು. ಆ ಕೊಳೆತ ಪಾದದ ಮೇಲೆ ಕೈ ಇಟ್ಟು, “ನಾ ಮೊದ್ಲಽ ಹೇಳಬೇಕಿತ್ತು,” ಎಂದಳು.

ಅವನು ಬೈಯುತ್ತಾನೆಂದು ನಾನು ಕಾದೆ. ನಿಜ ಹೇಳುತ್ತೇನೆ, ಬೈಯಲಿ ಎಂದೇ ಬಯಸಿದೆ. ಅವನು ಸಿದ್ದಕ್ಕನ ಕಡೆ ತಿರುಗಿ, “ತಂಗಿ ಹಾದಿ ನೋಡಾಕತ್ತಾಳಂದ್ರ ಈಕಿನ್ನ ತಡಿಯೂದು ಛಲೋ ಅಲ್ಲ. ಎತ್ರಿ ನನ್ನ,” ಎಂದ.

ಅವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ನನ್ನ ಇಳಕಲ್ ಸೀರೆಯ ಮೇಲೆ ಕೀವು ರಕ್ತ ಎಲ್ಲ ಆಯಿತು. ಬಾಗಲಕೋಟೆಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಮುಂದೆ ಹೋಗಲು ಹಾದಿಯಿಲ್ಲ. ಇವರು ಹಾರ್ನ್ ಒತ್ತಿದ್ದೇ ಒತ್ತಿದ್ದು. ಹಿಂದಿನ ಸೀಟಿನಲ್ಲಿ ನಾನು ಸಿಸ್ಟರ್ ಜೊತೆ ಜಗಳ ತೆಗೆದೆ. ಊರೂರು ಅಲೆದು ಸಹಿ ಹಾಕಿಸಿದೆನಲ್ಲ, ಆ ಹಿರಿಯರ ಮುಂದೆ ಬಾಯಿಗೆ ಬಂದದ್ದು ಅಂದೆನಲ್ಲ, ಆಗ ನಿಮ್ಮ ನಾಲಿಗೆ ಎಲ್ಲಿತ್ತು ಎಂದು ಕೇಳಿದೆ. ನನಗಾದರೂ ಹೇಳಬಾರದಿತ್ತೇ ಎಂದೆ. ಆಕೆ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: “ನಿಮಗ ಹೇಳಿದ್ರ ನೀವು ‘ಹೋಗ್ರಿ’ ಅಂತಿದ್ರಿ, ಮಧುಮತಿ. ಅದನ್ನ ಕೇಳೂ ಧೈರ್ಯ ನನಗ ಇರಲಿಲ್ಲ.”

ಇಂಥ ಉತ್ತರ ಕೊಟ್ಟರೆ ಜಗಳವನ್ನು ಮುಂದುವರಿಸುವುದು ಹೇಗೆ? ಅದಕ್ಕೂ ಸಿಟ್ಟು ಬಂತು.

ನಿನ್ನ ಮಗ ಮಾಲೆ ಹಾಕುವ ಹೊತ್ತಿಗೆ ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ಸಿದ್ದಕ್ಕನ ಕೈ ಹಿಡಿದು ಕೂತಿದ್ದೆ. ಡಾಕ್ಟರು ಮುಂಪಾದ ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಮೊಣಕಾಲಿನವರೆಗೆ ಹೋಗುತ್ತಿತ್ತಂತೆ, ಜೀವವೂ ಹೋಗುತ್ತಿತ್ತಂತೆ. ಅಮಸಿದ್ದಪ್ಪ ಉಳಿದ. ನಿನಗೆ ಆ ದಿನ ಫೋನು ಮಾಡಿ ಬರೀ ‘ಬರಲಾಗುವುದಿಲ್ಲ’ ಎಂದು ಇಟ್ಟೆನಲ್ಲ, ಅದಕ್ಕಿಂತ ಹೆಚ್ಚು ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ. ಮದುವೆಯ ಮನೆಗೆ ಅಳುವ ದನಿ ಕೇಳಿಸಬಾರದೆಂದು ಇಟ್ಟೆ.

ಮುಂದಿನ ಭಾನುವಾರ ಶಿವಯೋಗೆಪ್ಪನವರ ಸಮಿತಿಯ ಸಭೆ. ಸಿಸ್ಟರ್ ಮೈಕಿನ ಮುಂದೆ ನಿಂತು ಎಲ್ಲರಿಗೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಶಿವಯೋಗೆಪ್ಪನವರ ಮುಖ ನೋಡಬೇಕಿತ್ತು ನೀನು. ಯಾರೋ ಹಿಂದೆ, “ಇಷ್ಟ ದಿನಾ ನಮ್ಮನ್ನ ಹುಚ್ಚರನ್ನ ಮಾಡಿದ್ಳು,” ಎಂದದ್ದೂ ಕೇಳಿಸಿತು. ಆಗ ಬನಹಟ್ಟಿಯಿಂದ ಬಂದಿದ್ದ ನೇಕಾರರ ಪದ್ಮವ್ವ ಎದ್ದು ನಿಂತಳು. “ತವರಿಗೆ ಹೊಂಟಾಕಿನ್ನ ಹಿಂಗ ಕುಂದರಸಿ ಪಂಚಾಯ್ತಿ ಮಾಡ್ತಾರೇನ್ರಿ? ಅಕ್ಕಿ, ಟೆಂಗಿನಕಾಯಿ ತರ್ರಿ, ಉಡಿ ತುಂಬೂಣು,” ಎಂದಳು. ಮದುವೆಯಾಗದ ಸಂನ್ಯಾಸಿನಿಗೆ ಉಡಿ ತುಂಬುವುದು ಯಾವ ಶಾಸ್ತ್ರ ಎಂದು ಯಾರೋ ಗೊಣಗಿದರು. “ಮಗಳು ಹೌದಿಲ್ಲೋ?” ಎಂದು ಪದ್ಮವ್ವ ಗದರಿದಳು. ಮುಗಿಯಿತು. ಹೆಂಗಸರು ಸಾಲು ಹಚ್ಚಿದರು. ಸೆರಗು ಹಿಡಿಯಲೂ ಬಾರದೆ ಸಿಸ್ಟರ್ ಅಕ್ಕಿಯನ್ನೆಲ್ಲ ಚೆಲ್ಲಿದಳು. ಎಲ್ಲರೂ ನಕ್ಕರು, ಎಲ್ಲರೂ ಅತ್ತರು.

ನಾನು ಏಳಲಿಲ್ಲ ಹರ್ಷೂ. ಕುರ್ಚಿಯಲ್ಲೇ ಕೂತಿದ್ದೆ. ಆಕೆ ಎರಡು ಸಲ ನನ್ನ ಕಡೆ ನೋಡಿದಳು.

ಹೋಗುವ ದಿನ ಬಸ್ ನಿಲ್ದಾಣಕ್ಕೂ ಹೋದೆ, ಆದರೆ ಆಕೆಯ ಜೊತೆ ಮಾತಾಡಲಿಲ್ಲ. ಚೀಲ ಎಲ್ಲಿಡಬೇಕೆಂದು ಕಂಡಕ್ಟರನ ಜೊತೆ ಜಗಳವಾಡುತ್ತ ನಿಂತೆ. ಬಸ್ಸು ಹೊರಟಾಗ ಆಕೆ ಕಿಟಕಿಯಿಂದ ಕೈ ಚಾಚಿದ್ದಳಂತೆ, ಇವರು ಹೇಳಿದರು. ನಾನು ಬಾಳೆಹಣ್ಣಿನ ಗಾಡಿಯ ಕಡೆ ತಿರುಗಿ ನಿಂತಿದ್ದೆ. ಹೋದ ಮೇಲೆ ದಿನಾ ಸಂಜೆ ಆಕೆಯ ಫೋನು ಬರುತ್ತಿದೆ. ನಾನು ಎತ್ತಿಲ್ಲ. ಇವರೇ ಮಾತಾಡುತ್ತಾರೆ, ಅಮಸಿದ್ದಪ್ಪ ಕೋಲು ಹಿಡಿದು ನಡೆಯುವುದನ್ನು ಹೇಳುತ್ತಾರೆ. ನಾನು ಒಳಗೆ ಕುಕ್ಕರು ಕೂಗಿಸುತ್ತೇನೆ.

ಹೇಳು, ನನ್ನ ಸಿಟ್ಟು ಹೆಚ್ಚಾಯಿತೇ? ಹೆಚ್ಚಾಗಿದ್ದರೆ ಆಗಲಿ. ಅಷ್ಟು ವರ್ಷ ನನ್ನ ಅಡುಗೆಮನೆಯಲ್ಲಿ ಕೂತು ಉಂಡವಳು, ತನಗೊಬ್ಬಳು ತಂಗಿಯಿದ್ದಾಳೆಂದು ಒಂದು ದಿನವಾದರೂ ಹೇಳಬಹುದಿತ್ತು.

ನಿನ್ನ ಸೊಸೆ ಪ್ರೀತಿಯನ್ನು ನೋಡಲು ಯುಗಾದಿಗೆ ಮಿರಜಿಗೆ ಬರುತ್ತೇವೆ. ಬಾಗಿಲಲ್ಲೇ ನಿಲ್ಲಿಸಿ ಬೈದುಕೋ, ಆಮೇಲೆ ಒಳಗೆ ಕರೆ.

ನಿನ್ನ,
ಮಧುಮತಿ

ತಾ.ಕ.: ಪಾಕೀಟು ಅಂಟಿಸುವ ಮೊದಲು ಇಷ್ಟು ಸೇರಿಸುತ್ತೇನೆ. ಇಂದು ಸಂಜೆ ಇವರು ಪೇಟೆಗೆ ಹೋಗಿದ್ದಾಗ ಸಿಸ್ಟರ್ ಫೋನು ಬಂತು. ನಾನೇ ಎತ್ತಿದೆ. ಆ ಕಡೆ ದೂರದಿಂದ ಒಂದು ಮುದುಕಿಯ ದನಿ “ಮಾಯ್ತೆ, ಮಾಯ್ತೆ” ಎಂದು ಕೂಗಿತು. ಯಾರನ್ನ ಕರೀಲಿಕ್ಕತ್ತಾರ್ರಿ ಎಂದು ಕೇಳಿದೆ. “ನನ್ನಽರಿ. ಸಣ್ಣಾಕಿ ಇದ್ದಾಗಿನ ಹೆಸರ,” ಎಂದಳು. ಆಕೆಗೆ ಬೇರೊಂದು ಹೆಸರು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ತಂಗಿಗೆ ಫೋನು ಕೊಡ್ರಿ ಎಂದೆ. ಆ ತಾಯಿಗೆ ನನ್ನ ಮಾತು ತಿಳಿಯದು, ನನಗೆ ಅವರದು. ನಾನು, ಇನ್ನ ಮ್ಯಾಲೆ ಅಕ್ಕನ್ನ ನೀವಽ ನೋಡ್ಕೋರಿ, ಭಾಳ ಹಟಮಾರಿ, ಊಟದಾಗ ಹಸಿಮೆಣಸಿನಕಾಯಿ ಕೇಳ್ತಾರ ಎಂದು ಕನ್ನಡದಲ್ಲೇ ಹೇಳಿದೆ. ಅವರು ತಮ್ಮ ಭಾಷೆಯಲ್ಲಿ ಏನೇನೋ ಹೇಳಿ ನಕ್ಕರು. ಪಕ್ಕದಲ್ಲಿ ಸಿಸ್ಟರ್ ಅಳುತ್ತಿರುವುದು ನನಗೆ ಕೇಳಿಸುತ್ತಿತ್ತು.