ಅಪ್ಪ ಮುಟ್ಟಿದ ಭಂಡಾರ

ನನ್ನ ಮಾಸ್ತರರೇ,

ನೀವು ತೀರಿಹೋಗಿ ಎರಡು ವರ್ಷವಾಯಿತು. ಎದುರಿಗೇ ಹೇಳಬೇಕಿದ್ದ ಮಾತನ್ನು, ಹೇಡಿ ನಾನು, ಈಗ ಬರೆಯುತ್ತಿದ್ದೇನೆ.

ಒಂಬತ್ತನೇ ಇಯತ್ತೆಯಲ್ಲಿ ಫ್ರಾನ್ಸಿನ ಕ್ರಾಂತಿಯ ಪಾಠ ಮಾಡುವಾಗ ನಮ್ಮಿಂದಲೇ ಚೀಟಿ ಹಾಕಿಸಿ ಮಾನಿಟರನನ್ನು ಆರಿಸಿದ್ದಿರಿ, ನೆನಪಿದೆಯೇ? ನನ್ನ ಚೀಟಿಯನ್ನು ಪಕ್ಕದವನಿಗೆ ತೋರಿಸಿದೆ. ನೀವದನ್ನು ಹರಿದು ಹೊಸದೊಂದು ಕೊಟ್ಟಿರಿ. "ನಿನ್ನ ವೋಟು ನಿಂದು ಲೇ. ನಿಮ್ಮಪ್ಪಂದೂ ಅಲ್ಲ, ಗೌಡಂದೂ ಅಲ್ಲ. ರಾಜ ಆದವ್ನೂ ನಾವು ಒಪ್ಪಿದ್ರಷ್ಟ ರಾಜ." ಇಡೀ ವರ್ಗ ನಕ್ಕಿತ್ತು. ನಾನೂ ನಕ್ಕಿದ್ದೆ.

ಎಷ್ಟೋ ವರ್ಷದ ಮೇಲೆ, ನೀವು ನಿವೃತ್ತರಾದಾಗ, ಆ ಪಂಚಾಯಿತಿ ಚುನಾವಣೆ ಬಂತು. ನಮ್ಮೂರ ರೂಢಿ ನಿಮಗೆ ಗೊತ್ತಿದ್ದದ್ದೇ. ಹಿರಿಯರು ಗುಡಿಯಲ್ಲಿ ಕೂತು ಸದಸ್ಯರನ್ನು ಗೊತ್ತುಮಾಡುವುದು, ಬೇರೆ ಯಾರೂ ನಿಲ್ಲುವುದಿಲ್ಲವೆಂದು ಮನೆಗೊಬ್ಬರಿಂದ ದೇವರ ಮುಂದಿನ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಹಾಕಿಸುವುದು. ಒಬ್ಬರು ಮುಟ್ಟಿದರೆ ಮನೆಯವರೆಲ್ಲ ಮುಟ್ಟಿದಂತೆ. ನಮ್ಮ ಮನೆಯಿಂದ ಅಪ್ಪ ಮುಟ್ಟಿ ಬಂದ. ನೀವೊಬ್ಬರೇ ಮುಟ್ಟಲಿಲ್ಲ.

ನಾಮಪತ್ರದ ಕಡೆಯ ದಿನ ಕಬ್ಬಿಗೆ ನೀರು ಹಾಯಿಸುತ್ತಿದ್ದೆ. ಅರ್ಜಿ ಹಿಡಿದು ಬದುವಿನ ಮೇಲೆ ಬಂದಿರಿ.

"ಗೆಲ್ಲಾಕಲ್ಲೋ. ಮಂದಿಗೆ ಒಂದ್ಸಲನಾರ ವೋಟು ಹಾಕಾಕ ಸಿಗಲಿ ಅಂತ. ಸೂಚಕ ಅಂತ ನಿಂದೊಂದು ಸಹಿ ಬೇಕು."

"ಅಪ್ಪ ಭಂಡಾರ ಮುಟ್ಟ್ಯಾನ್ರಿ, ಮಾಸ್ತರ..."

"ಮುಟ್ಟಿದ್ದು ಅವನ ಕೈ. ನಿಂದು ಬ್ಯಾರೆ ಕೈ ಐತಲ್ಲ?"

ಕೈ ಕೆಸರಾಗಿದೆ, ತೊಳೆದುಕೊಂಡು ಪಂಚಾಯಿತಿಗೇ ಬರುತ್ತೇನೆ ಎಂದೆ. ಹೋಗಲಿಲ್ಲ. ಮೂರು ಗಂಟೆಗೆ ವೇಳೆ ಮುಗಿಯುವವರೆಗೂ ಕಟ್ಟೆಯ ಮೇಲೆ ದಾರಿ ನೋಡಿದಿರಂತೆ. ಅರ್ಜಿ ನಿಮ್ಮ ಕೈಯಲ್ಲೇ ಉಳಿಯಿತು, ಆ ಸಲವೂ ಊರಲ್ಲಿ ಮತದಾನ ಆಗಲಿಲ್ಲ.

ಮರುದಿನ ಚಿಕ್ಕೋಡಿ ಬಸ್ಸಿನಲ್ಲಿ ಸಿಕ್ಕಾಗ ನೀವು ಬೈದಿದ್ದರೆ... "ಕಬ್ಬು ಚಲೋ ಬಂದೈತಲ್ಲೋ" ಎಂದಿರಿ, ಅಷ್ಟೇ. ಅದು ಈಗಲೂ ಸುಡುತ್ತದೆ. ಯಾಕೆ ಬೈಯಲಿಲ್ಲ ಮಾಸ್ತರರೇ?

ಈಗ ಸುದ್ದಿ ಕೇಳಿ. ಈ ಸಲ ನಿಮ್ಮ ಹೆಂಡತಿ, ನಾವೆಲ್ಲ ಕಾಕು ಎಂದು ಕರೆಯುವವರು, ನಾಮಪತ್ರ ಹಾಕಿದರು. ಸೂಚಕ ನಾನೇ. ಅಪ್ಪ ನನ್ನೊಡನೆ ಮಾತು ಬಿಟ್ಟ. ಕಾಕು ಸೋತರು, ಅದು ಬೇರೆ ಮಾತು. ಆದರೆ ನೀವು ಪಾಠ ಮಾಡಿದ ಕೋಣೆಯ ಮುಂದೆ ಉದ್ದ ಸಾಲು ನಿಂತಿತ್ತು. ಅದರಲ್ಲಿ ಅಪ್ಪನೂ ಇದ್ದ. ಹೊರಬಂದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆ, "ಯಾರಿಗಿ ಹಾಕಿದಿ ಅಪ್ಪಾ?"

ಶಾಯಿ ಹಚ್ಚಿದ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಗದರಿದ: "ನಿನಗ್ಯಾಕ ಬೇಕಲೇ? ನನ್ನ ವೋಟು ನಂದು."

ಇದನ್ನು ನೀವು ಕೇಳಬೇಕಿತ್ತು.